ಸೋತರೂ ನಿಲ್ಲದ ಕಥೆ: ‘ಆರ್ಕಮ್ ಹಾರರ್’ ಕಾರ್ಡ್ ಆಟ ಯಾಕೆ ಹಿಡಿಸುತ್ತದೆ?

ಆಟ ಶುರುವಾಗುವುದು ಪತ್ತೇದಾರನ ಸ್ವಂತ ಮನೆಯಲ್ಲಿ. ಊರಲ್ಲಿ ಜನ ಕಾಣೆಯಾಗುತ್ತಿದ್ದಾರೆ, ಕಾಡಿನಲ್ಲಿ ಅರ್ಧ ತಿಂದ ಹೆಣಗಳು ಸಿಕ್ಕಿವೆ. ಆ ಬಗ್ಗೆ ಕಾಗದಪತ್ರ ಹರಡಿಕೊಂಡು ಓದುವ ಕೋಣೆಯಲ್ಲಿ ಕುಳಿತವನಿಗೆ ನೆಲದಡಿಯಲ್ಲಿ ಯಾರೋ ಮಣ್ಣು ಕೆರೆಯುವ ಸದ್ದು ಕೇಳಿಸುತ್ತದೆ. ಎದ್ದು ಹೋಗೋಣವೆಂದರೆ ಬಾಗಿಲೇ ಇಲ್ಲ. ಅದಿದ್ದ ಜಾಗದಲ್ಲಿ ಈಗ ಗೋಡೆ. ಮೇಜಿನ ಮೇಲೆ ಇರುವುದು ಒಂದೇ ಒಂದು ಸ್ಥಳದ ಕಾರ್ಡು. ಅಲ್ಲಿಂದ ಹೊರಬೀಳಲು ಆಟಗಾರರು ತಲಾ ಎರಡು ಸುಳಿವು ಹುಡುಕಬೇಕು. ಅತ್ತ ಸುತ್ತಿಗೊಂದರಂತೆ ಕೇಡಿನ ಬಿಲ್ಲೆಗಳು ಬೀಳುತ್ತಿರುತ್ತವೆ. ಮೂರು ಕೂಡಿದರೆ ಪರಿಸ್ಥಿತಿ ಒಂದು ಮೆಟ್ಟಿಲು ಕೆಳಗಿಳಿಯುತ್ತದೆ.

ಇದು ‘ಆರ್ಕಮ್ ಹಾರರ್: ದಿ ಕಾರ್ಡ್ ಗೇಮ್’ನ ಮೊದಲ ಕಂತಿನ ಮೊದಲ ಐದು ನಿಮಿಷ. ಅಮೆರಿಕದ ಮಿನ್ನೆಸೋಟ ರಾಜ್ಯದ ಫ್ಯಾಂಟಸಿ ಫ್ಲೈಟ್ ಗೇಮ್ಸ್ ಕಂಪನಿ ಇದನ್ನು 2016ರಲ್ಲಿ ಹೊರತಂದಿತು. ರೂಪಿಸಿದವರು ನೇಟ್ ಫ್ರೆಂಚ್ ಮತ್ತು ಎಂ.ಜೆ. ನ್ಯೂಮನ್. ಇದೇ ಕಂಪನಿಯ ಇನ್ನೆರಡು ಕಾರ್ಡ್ ಆಟಗಳು, ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ (2011) ಮತ್ತು ‘ಮಾರ್ವೆಲ್ ಚಾಂಪಿಯನ್ಸ್’ (2019), ಸಿನಿಮಾದಿಂದ ಮನೆಮಾತಾದ ಹೆಸರುಗಳನ್ನು ಹೊತ್ತು ಬಂದವು. ಆರ್ಕಮ್‌ಗೆ ಅಂಥ ಆಸರೆ ಇಲ್ಲ. ಆದರೂ ಮೂರನ್ನೂ ಆಡಿದವರಲ್ಲಿ ಬಹಳ ಮಂದಿ ಕೊನೆಗೆ ಕಪಾಟಿನಲ್ಲಿ ಉಳಿಸಿಕೊಳ್ಳುವುದು ಆರ್ಕಮ್ ಪೆಟ್ಟಿಗೆಯನ್ನೇ. ಭಯದ ಕಥೆ ಇಷ್ಟವೆಂಬುದು ಅದಕ್ಕೊಂದು ಕಾರಣ ಹೌದು, ಆದರೆ ಚಿಕ್ಕ ಕಾರಣ. ದೊಡ್ಡ ಕಾರಣ, ಈ ಆಟ ಸೋಲನ್ನು ನಡೆಸಿಕೊಳ್ಳುವ ರೀತಿ.

ಅದನ್ನು ವಿವರಿಸುವ ಮೊದಲು ಹಿನ್ನೆಲೆ ಸ್ವಲ್ಪ ಗೊತ್ತಿರಲಿ. ಆರ್ಕಮ್ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿದೆ ಎಂದು ಲೇಖಕ ಎಚ್.ಪಿ. ಲವ್‌ಕ್ರಾಫ್ಟ್ (1890–1937) ಕಲ್ಪಿಸಿದ ಊರು. ಅವನ ಕಥೆಗಳ ದೆವ್ವಗಳು ಸೇಡು ತೀರಿಸಿಕೊಳ್ಳಲು ಬಂದ ಪ್ರೇತಗಳಲ್ಲ; ಮನುಷ್ಯನನ್ನು ಲೆಕ್ಕಕ್ಕೇ ಇಟ್ಟುಕೊಳ್ಳದ, ಯುಗಗಳಿಂದ ಮಲಗಿರುವ ಮಹಾಜೀವಿಗಳು. ಅವುಗಳನ್ನು ಕಂಡವನು ಸಾಯುವುದಕ್ಕಿಂತ ಹೆಚ್ಚಾಗಿ ಹುಚ್ಚನಾಗುತ್ತಾನೆ. ಲವ್‌ಕ್ರಾಫ್ಟ್‌ನ ಬರವಣಿಗೆಯಲ್ಲಿ ಹಸಿ ಜನಾಂಗದ್ವೇಷವೂ ಇದೆ, ಅದನ್ನು ಮುಚ್ಚಿಡಬೇಕಿಲ್ಲ. ಆಟದವರು ಅವನಿಂದ ಊರನ್ನೂ ಭಯವನ್ನೂ ತೆಗೆದುಕೊಂಡು ಜನರನ್ನು ಮಾತ್ರ ಬದಲಿಸಿದರು. ಇಲ್ಲಿನ ಪತ್ತೇದಾರರಲ್ಲಿ ಕಪ್ಪು ಜನಾಂಗದ ಜಾಝ್ ವಾದಕನಿದ್ದಾನೆ, ಹೋಟೆಲಿನಲ್ಲಿ ಬಡಿಸುವ ಹೆಂಗಸಿದ್ದಾಳೆ, ಗ್ರಂಥಪಾಲಕಿಯಿದ್ದಾಳೆ, ಅಂಚೆ ಹಂಚುವವಳಿದ್ದಾಳೆ, ಬೀದಿಯಲ್ಲಿ ಬೆಳೆದ ಅನಾಥ ಹುಡುಗಿಯಿದ್ದಾಳೆ, ನಾಯಿಯೊಂದನ್ನು ಜತೆಗಿಟ್ಟುಕೊಂಡು ಅಲೆಯುವ ಪೀಟ್ ಇದ್ದಾನೆ. ಕಾಲ 1920ರ ದಶಕ.

ಆಡುವ ಕ್ರಮ ಹೀಗೆ. ಪ್ರತಿಯೊಬ್ಬರದೂ ಒಂದು ಪಾತ್ರ, ಆ ಪಾತ್ರಕ್ಕೊಂದು ಕಾರ್ಡಿನ ಕಟ್ಟು. ಎದುರಾಳಿ ಯಾರೂ ಇಲ್ಲ. ಎಲ್ಲರೂ ಒಂದೇ ಪಕ್ಷ, ಆಟವೇ ವಿರೋಧಿ. ಒಬ್ಬರೇ ಕುಳಿತು ಆಡಬಹುದು, ನಾಲ್ವರೂ ಆಡಬಹುದು. ಸರದಿಗೆ ಮೂರು ಕೆಲಸ: ಒಂದು ಜಾಗದಿಂದ ಇನ್ನೊಂದಕ್ಕೆ ಹೋಗುವುದು, ಸುಳಿವು ಹುಡುಕುವುದು, ಹೊಡೆದಾಡುವುದು, ತಪ್ಪಿಸಿಕೊಳ್ಳುವುದು, ಕಾರ್ಡು ಎತ್ತುವುದು, ಕಾರ್ಡು ಇಳಿಸುವುದು, ಖರ್ಚಿಗೆ ಬೇಕಾದ ಬಿಲ್ಲೆ ಪಡೆಯುವುದು, ಇವುಗಳಲ್ಲಿ ಬೇಕಾದದ್ದನ್ನು ಆರಿಸಿಕೊಳ್ಳಬಹುದು. ಸುಳಿವು ಕೂಡಿದಷ್ಟೂ ಪತ್ತೇದಾರರ ಕಥೆ ಮುಂದೆ ಸಾಗುತ್ತದೆ. ಕೇಡು ಕೂಡಿದಷ್ಟೂ ಕೆಡುಕರ ಕಥೆ ಮುಂದೆ ಸಾಗುತ್ತದೆ. ಮೇಜಿನ ತುದಿಯಲ್ಲಿ ಈ ಎರಡು ಕಥೆಯ ಕಾರ್ಡುಗಳು ಅಕ್ಕಪಕ್ಕದಲ್ಲೇ ಇರುತ್ತವೆ. ಯಾವುದು ಮೊದಲು ಮುಗಿಯುತ್ತದೆ ಎಂಬುದರ ಮೇಲೇ ಎಲ್ಲರ ಕಣ್ಣು.

ಚೀಲಕ್ಕೆ ಕೈ ಹಾಕುವ ಹೊತ್ತು

ಇಲ್ಲಿ ದಾಳವಿಲ್ಲ, ಒಂದು ಚೀಲವಿದೆ. ಕಷ್ಟದ ಕೆಲಸಕ್ಕೆ ಕೈ ಹಾಕಿದಾಗಲೆಲ್ಲ ಚೀಲದಿಂದ ಒಂದು ಬಿಲ್ಲೆ ಎತ್ತಬೇಕು. ಅದರಲ್ಲಿರುವ ಸಂಖ್ಯೆಯನ್ನು ತನ್ನ ಸಾಮರ್ಥ್ಯಕ್ಕೆ ಕೂಡಿ ಅಥವಾ ಕಳೆದು ನೋಡಬೇಕು.

ಮೂಲ ಪೆಟ್ಟಿಗೆಯ ಸರಣಿಯಲ್ಲಿ ಸಾಧಾರಣ ಮಟ್ಟದ ಚೀಲದಲ್ಲಿ 16 ಬಿಲ್ಲೆಗಳು. ಕೂಡಿಸು ಒಂದು ಒಂದೇ, ಸೊನ್ನೆ ಎರಡು, ಕಳೆ ಒಂದು ಮೂರು, ಕಳೆ ಎರಡು ಎರಡು, ಕಳೆ ಮೂರು ಮತ್ತು ಕಳೆ ನಾಲ್ಕು ಒಂದೊಂದು. ಉಳಿದ ಆರು ಚಿತ್ರದ ಬಿಲ್ಲೆಗಳು. ಎರಡರ ಮೇಲೆ ತಲೆಬುರುಡೆ, ಒಂದರ ಮೇಲೆ ಮುಸುಕುಧಾರಿ, ಒಂದರ ಮೇಲೆ ಕಲ್ಲಿನ ಫಲಕ, ಒಂದು ಪತ್ತೇದಾರನಿಗೆ ಒಲಿಯುವ ನಕ್ಷತ್ರ. ಕೊನೆಯದರ ಮೇಲೆ ಗ್ರಹಣಾಂಗ. ಇದನ್ನು ಎತ್ತಿದರೆ ಎಷ್ಟೇ ಸಾಮರ್ಥ್ಯವಿದ್ದರೂ ಸೋಲು. ತಲೆಬುರುಡೆ, ಮುಸುಕುಧಾರಿ, ಫಲಕಗಳ ಬೆಲೆ ಕಂತಿನಿಂದ ಕಂತಿಗೆ ಬದಲಾಗುತ್ತದೆ. ಮೊದಲ ಕಂತಿನಲ್ಲಿ ತಲೆಬುರುಡೆ ಎತ್ತಿದರೆ ಆ ಜಾಗದಲ್ಲಿ ಎಷ್ಟು ಹೆಣತಿನ್ನುವ ಪಿಶಾಚಿಗಳಿವೆಯೋ ಅಷ್ಟು ಕಳೆಯಬೇಕು. ಭಯ ಹೆಚ್ಚಾದಷ್ಟೂ ಕೈ ನಡುಗುತ್ತದೆ ಎಂಬುದನ್ನು ಒಂದು ವಾಕ್ಯವನ್ನೂ ಬರೆಯದೆ ಬರಿ ಲೆಕ್ಕದಲ್ಲೇ ಹೇಳಿಬಿಟ್ಟಿದ್ದಾರೆ.

ಈ ಲೆಕ್ಕ ಹೊಸಬರು ತಿಳಿದಿರಬೇಕಾದ ಮುಖ್ಯ ಸಂಗತಿ. ಸುತ್ತ ಪಿಶಾಚಿ ಇಲ್ಲದಿರುವಾಗ, ಕೆಲಸದ ಕಷ್ಟಕ್ಕೆ ಸರಿಸಮನಾದ ಸಾಮರ್ಥ್ಯವಷ್ಟೇ ಇದ್ದರೆ 16ರಲ್ಲಿ 6 ಬಿಲ್ಲೆಗಳು ಮಾತ್ರ ಗೆಲ್ಲಿಸುತ್ತವೆ. ಒಂದು ಹೆಚ್ಚಿದ್ದರೆ 10. ಎರಡು ಹೆಚ್ಚಿದ್ದರೆ 13. ಮೂರು ಹೆಚ್ಚಿದ್ದರೆ 14, ನಾಲ್ಕು ಹೆಚ್ಚಿದ್ದರೆ 15. ಅದಕ್ಕಿಂತ ಮೇಲಕ್ಕೆ ಹೋಗಲು ದಾರಿಯಿಲ್ಲ, ಗ್ರಹಣಾಂಗದ ಬಿಲ್ಲೆ ಚೀಲದಲ್ಲಿ ಇದ್ದೇ ಇರುತ್ತದೆ. ಸಮ ಇದ್ದದ್ದನ್ನು ಎರಡು ಮೇಲೆ ತರುವುದೇ ಲಾಭದ ವ್ಯವಹಾರ. ಅದರಾಚೆ ಖರ್ಚು ಮಾಡಿದ್ದರಲ್ಲಿ ಬಹುಪಾಲು ಪೋಲು. ಹಳೆಯ ಆಟಗಾರರು ‘ಎರಡು ಮೇಲಿರಲಿ’ ಎಂದು ಹೊಸಬರಿಗೆ ಹೇಳುವುದು ಇದೇ ಕಾರಣಕ್ಕೆ.

ಆ ಎರಡನ್ನು ತರುವುದು ಹೇಗೆ? ಕೈಯಲ್ಲಿರುವ ಕಾರ್ಡುಗಳಿಂದ. ಬಹುತೇಕ ಕಾರ್ಡುಗಳ ಎಡ ಅಂಚಿನಲ್ಲಿ ಸಣ್ಣ ಚಿಹ್ನೆಗಳಿವೆ. ಕಾರ್ಡನ್ನು ಅದರ ನಿಜವಾದ ಕೆಲಸಕ್ಕೆ ಬಳಸದೆ, ಆ ಚಿಹ್ನೆಗಾಗಿ ಎಸೆದು ಒಂದೊಂದು ಅಂಕ ಹೆಚ್ಚಿಸಿಕೊಳ್ಳಬಹುದು. ಪಕ್ಕದಲ್ಲೇ ನಿಂತ ಗೆಳೆಯನೂ ಒಂದು ಕಾರ್ಡು ಕೊಡಬಹುದು. ಇದೆಲ್ಲ ಬಿಲ್ಲೆ ಎತ್ತುವುದಕ್ಕೆ ಮುಂಚೆ ಮುಗಿಯಬೇಕು. ಪಿಸ್ತೂಲನ್ನು ಕೈಯಲ್ಲೇ ಉಳಿಸಿಕೊಳ್ಳಬೇಕೋ ಈಗಲೇ ಸುಟ್ಟುಬಿಡಬೇಕೋ ಎಂದು ಮೇಜಿನ ಸುತ್ತ ಚರ್ಚೆ ನಡೆದು, ಎಲ್ಲರೂ ಒಪ್ಪಿ, ಒಬ್ಬರು ಚೀಲಕ್ಕೆ ಕೈ ಹಾಕುವಾಗ ಮಾತು ತಾನಾಗಿ ನಿಲ್ಲುತ್ತದೆ.

ಇಸ್ಪೀಟಿನಲ್ಲಿ ಎಲೆ ಕೈಗೆ ಬಂದ ಮೇಲೆ ಅದೃಷ್ಟದ ಪಾತ್ರ ಮುಗಿದು ಜಾಣ್ಮೆಯ ಪಾತ್ರ ಶುರುವಾಗುತ್ತದೆ. ಇಲ್ಲಿ ಅದು ತಿರುಗುಮುರುಗು. ಜಾಣ್ಮೆಯನ್ನೆಲ್ಲ ಮೊದಲೇ ಸುರಿದು, ಆಮೇಲೆ ಅದೃಷ್ಟದೆದುರು ಕೈ ಕಟ್ಟಿ ನಿಲ್ಲಬೇಕು. ಇದನ್ನು ಸಹಿಸದವರೂ ಇದ್ದಾರೆ, ಅವರ ದೂರು ಸುಳ್ಳಲ್ಲ. 15 ಬಿಲ್ಲೆ ನಿಮ್ಮ ಪರವಾಗಿದ್ದಾಗ ಹದಿನಾರನೆಯದು ಕೈಗೆ ಬಂದರೆ ಯಾರಿಗಾದರೂ ಮೈ ಉರಿಯುತ್ತದೆ. ಕಂಪನಿ ಇದಕ್ಕೆ ಉತ್ತರವನ್ನು ಕಾರ್ಡುಗಳಲ್ಲೇ ಇಟ್ಟಿದೆ. ಅನಾಥ ಹುಡುಗಿ ವೆಂಡಿ ಆಡಮ್ಸ್ ಕೈಯಲ್ಲಿನ ಒಂದು ಕಾರ್ಡು ಎಸೆದರೆ ಬಂದ ಬಿಲ್ಲೆಯನ್ನು ವಾಪಸು ಹಾಕಿ ಇನ್ನೊಂದು ಎತ್ತಬಹುದು. ಅಂಚೆಯ ಸ್ಟೆಲ್ಲಾ ಕ್ಲಾರ್ಕ್ ತನ್ನ ಸರದಿಯಲ್ಲಿ ಸೋತರೆ, ಸುತ್ತಿಗೊಮ್ಮೆ, ಅವಳಿಗೆ ಹೆಚ್ಚುವರಿ ಕೆಲಸವೊಂದು ಸಿಗುತ್ತದೆ. ಸುಳಿವು ಹುಡುಕುವಾಗ ಸ್ವಲ್ಪದರಲ್ಲಿ ಸೋತರೆ ಎರಡು ಸುಳಿವು ಕೊಡುವ ಅಗ್ಗದ ಕಾರ್ಡೂ ಇದೆ. ಬೇಕೆಂದೇ ಸೋಲುವ ಕಟ್ಟುಗಳನ್ನು ಜೋಡಿಸಿ ಗೆದ್ದವರಿದ್ದಾರೆ.

ಕಾರ್ಡಿನ ಕಟ್ಟಲ್ಲ, ಒಬ್ಬ ಮನುಷ್ಯ

ಮೂಲ ಪೆಟ್ಟಿಗೆಯಲ್ಲಿ ಐವರು ಪತ್ತೇದಾರರು. ಪ್ರತಿಯೊಬ್ಬರಿಗೂ ಎರಡು ಅಳತೆ: ದೇಹ ಎಷ್ಟು ಏಟು ತಾಳುತ್ತದೆ, ಮನಸ್ಸು ಎಷ್ಟು ಭೀತಿ ತಾಳುತ್ತದೆ. ಸರ್ಕಾರಿ ತನಿಖಾಧಿಕಾರಿ ರೋಲಂಡ್ ಬ್ಯಾಂಕ್ಸ್‌ಗೆ ದೇಹಬಲ 9, ಮನೋಬಲ 5. ಗ್ರಂಥಪಾಲಕಿ ಡೇಸಿ ವಾಕರ್‌ಗೆ ಅದರ ತದ್ವಿರುದ್ಧ, 5 ಮತ್ತು 9. ಐವರಲ್ಲಿ ಯಾರದನ್ನು ಕೂಡಿದರೂ 14 ಬರುತ್ತದೆ. ಗುದ್ದಾಟದಲ್ಲಿ ಗಟ್ಟಿಯಾದವನು ಒಂದು ಕೆಟ್ಟ ದೃಶ್ಯಕ್ಕೆ ಕುಸಿಯಬಹುದು. ಮೊದಲ ಕಂತಿನ ಮನೆಯಲ್ಲಿ ಅಟ್ಟಕ್ಕೆ ಕಾಲಿಟ್ಟರೆ ಒಂದು ಭೀತಿ, ನೆಲಮಾಳಿಗೆಗೆ ಇಳಿದರೆ ಒಂದು ಏಟು. ಆದ್ದರಿಂದ ಯಾರು ಎಲ್ಲಿಗೆ ಹೋಗಬೇಕೆಂಬುದು ಅವರವರ ಸ್ವಭಾವವೇ ನಿರ್ಧರಿಸುವ ವಿಷಯ.

ಹೋಟೆಲಿನ ಆಗ್ನೆಸ್ ಬೇಕರ್‌ಳ ವಿಷಯ ಇನ್ನೂ ಸ್ವಾರಸ್ಯ. ಅವಳಿಗೆ ಭೀತಿ ತಗುಲಿದಾಗ ಅದೇ ಜಾಗದಲ್ಲಿರುವ ಶತ್ರುವಿಗೆ ಒಂದು ಏಟು ಬೀಳುತ್ತದೆ. ಹೆದರಿಕೆಯೇ ಅವಳ ಆಯುಧ. ಬೇಕೆಂದೇ ಭೀತಿ ತಂದುಕೊಳ್ಳುವ ಮಂತ್ರಗಳನ್ನು ಅವಳ ಕಟ್ಟಿಗೆ ಸೇರಿಸಿ, ಹುಚ್ಚಿನ ಅಂಚಿನಲ್ಲೇ ನಡೆಸುವುದು ಅನುಭವಿಗಳ ಆಟ.

ಇದಕ್ಕಿಂತ ಮುಖ್ಯವಾದದ್ದು ದೌರ್ಬಲ್ಯದ ಕಾರ್ಡುಗಳು. ಬೇರೆ ಆಟಗಳಲ್ಲಿ ಕಟ್ಟು ಜೋಡಿಸುವುದೆಂದರೆ ಒಳ್ಳೊಳ್ಳೆಯ ಕಾರ್ಡು ಆರಿಸುವುದು. ಇಲ್ಲಿ 30 ಕಾರ್ಡು ಆರಿಸಿಕೊಂಡ ಮೇಲೆ ಕೆಟ್ಟದ್ದನ್ನೂ ಕಡ್ಡಾಯವಾಗಿ ಸೇರಿಸಬೇಕು. ಒಂದು ಆ ಪಾತ್ರಕ್ಕೇ ಮೀಸಲಾದ ದೌರ್ಬಲ್ಯ, ಇನ್ನೊಂದು ಚೀಟಿ ಎತ್ತಿ ಬಂದದ್ದು. ರೋಲಂಡ್‌ನದು ತಾನು ಮುಚ್ಚಿಹಾಕಿದ ಒಂದು ಪ್ರಕರಣ. ಆ ಕಾರ್ಡು ಬಂದರೆ ಅದರ ಮೇಲೆ ಮೂರು ಸುಳಿವು ಇಡಬೇಕು. ಮುಂದೆ ಹುಡುಕಿದ ಸುಳಿವುಗಳನ್ನು ಬಿಟ್ಟುಕೊಟ್ಟು ಅದನ್ನು ಖಾಲಿ ಮಾಡಬೇಕು. ಆಟ ಮುಗಿದಾಗ ಒಂದು ಉಳಿದಿದ್ದರೂ ಮನಸ್ಸಿಗೆ ಮಾಯದ ಗಾಯ. ಜೈಲಿನಿಂದ ಹೊರಬಂದ ಸ್ಕಿಡ್ಸ್ ಓಟೂಲ್‌ನದು ಆಸ್ಪತ್ರೆಯ ಸಾಲ: ಆಟ ಮುಗಿಯುವುದರೊಳಗೆ ತನ್ನ ಜೇಬಿನಿಂದ ಆರು ಬಿಲ್ಲೆ ಕಟ್ಟದಿದ್ದರೆ ಅವನಿಗೆ ಸಿಗಬೇಕಾದ ಅನುಭವದ ಅಂಕಗಳಲ್ಲಿ ಎರಡು ಖೋತಾ. ಪಿಶಾಚಿ ಎದುರಿಗೆ ನಿಂತಿರುವಾಗ ಸಾಲದ ಕಂತು ಕಟ್ಟಬೇಕೋ ಚಾಕು ಕೊಳ್ಳಬೇಕೋ ಎಂದು ಲೆಕ್ಕ ಹಾಕುವ ಪಾಡು ಬೇರೆ ಯಾವ ಕಾರ್ಡ್ ಆಟದಲ್ಲೂ ಸುಲಭವಾಗಿ ಸಿಗುವುದಿಲ್ಲ. ಸ್ಕಿಡ್ಸ್ ಯಾರು ಎಂದು ಹೇಳಲು ಕಂಪನಿ ಪುಟಗಟ್ಟಲೆ ಬರೆಯಬಹುದಿತ್ತು. ಒಂದು ಕಾರ್ಡಿನಲ್ಲಿ ಮುಗಿಸಿದೆ.

ಕಂತು ಮುಗಿದ ಮೇಲೆ ಗಳಿಸಿದ ಅನುಭವದ ಅಂಕಗಳಿಂದ ಕಟ್ಟಿನ ಕಾರ್ಡುಗಳನ್ನು ಮೇಲ್ದರ್ಜೆಗೆ ಏರಿಸಿಕೊಳ್ಳಬಹುದು. ಮಾಮೂಲಿ ಭೂತಗನ್ನಡಿಯ ಬದಲು ಖರ್ಚಿಲ್ಲದೆ ಇಳಿಸಬಹುದಾದ ಭೂತಗನ್ನಡಿ ಬರುತ್ತದೆ. ಗಾಯಗಳು ಮಾತ್ರ ಹಾಗೇ ಉಳಿಯುತ್ತವೆ. ಮಾಯದ ಗಾಯ ಇದ್ದವನು ಮುಂದಿನ ಕಂತನ್ನು ಒಂದು ಏಟು ಅಥವಾ ಒಂದು ಭೀತಿಯೊಂದಿಗೇ ಶುರುಮಾಡುತ್ತಾನೆ. ಮೂರ್ನಾಲ್ಕು ಕಂತು ಕಳೆಯುವಷ್ಟರಲ್ಲಿ ಅವನು ಹೆಚ್ಚು ನುರಿತವನೂ ಹೌದು, ಹೆಚ್ಚು ಜರ್ಜರಿತನೂ ಹೌದು.

ಮನೆ ಸುಡಬೇಕೋ ಬೇಡವೋ

ಈಗ ಸೋಲಿನ ಮಾತಿಗೆ ಬರೋಣ. ‘ಲಾರ್ಡ್ ಆಫ್ ದಿ ರಿಂಗ್ಸ್’ ಆಟವೂ ನೇಟ್ ಫ್ರೆಂಚ್ ಅವರದೇ, ಅದೂ ಎಲ್ಲರೂ ಒಂದಾಗಿ ಆಡುವಂಥದ್ದು. ಅದರ ಮೂಲ ಪೆಟ್ಟಿಗೆಯ ಮೂರನೆಯ ಸಾಹಸದಲ್ಲಿ, ಆಟ ಶುರುವಾಗುವ ಮೊದಲೇ ನಿಮ್ಮ ನಾಯಕರಲ್ಲಿ ಒಬ್ಬರು ಸೆರೆಸಿಕ್ಕಿರುತ್ತಾರೆ. ಯಾರೆಂಬುದು ಅದೃಷ್ಟಕ್ಕೆ ಬಿಟ್ಟದ್ದು. ಒಬ್ಬರೇ ಆಡುವವರಿಗೆ ಅದು ಕಬ್ಬಿಣದ ಕಡಲೆ. ಸೋತರೆ ಉಳಿದಿರುವ ದಾರಿ ಎರಡೇ: ಎಲ್ಲ ಕಲೆಸಿ ಮೊದಲಿನಿಂದ ಆಡುವುದು, ಇಲ್ಲವೇ ಆ ಒಂದು ಸಾಹಸಕ್ಕೆಂದೇ ಬೇರೆ ಕಟ್ಟು ಜೋಡಿಸುವುದು. ಒಗಟು ಬಿಡಿಸುವುದರಲ್ಲಿ ಸುಖ ಕಾಣುವವರಿಗೆ ಅದು ಅದ್ಭುತ ಆಟ. ಆದರೆ ಅಲ್ಲಿ ಸೋಲು ಎಂದರೆ ಆಗಲೇ ಇಲ್ಲ ಎಂದು ಅಳಿಸಿಹಾಕುವ ಘಟನೆ.

ಆರ್ಕಮ್‌ನಲ್ಲಿ ಸೋತರೂ ಮುಂದಿನ ಕಂತಿಗೆ ಹೋಗಬೇಕು. ಮೂಲ ಪೆಟ್ಟಿಗೆಯ ಸರಣಿಯಲ್ಲಿ ಮೂರು ಕಂತುಗಳಿವೆ. ಮೊದಲನೆಯದನ್ನು ಗೆದ್ದರೆ ಕೊನೆಯಲ್ಲಿ ಒಂದು ಪ್ರಶ್ನೆ: ನೆಲದಡಿಯಿಂದ ಪಿಶಾಚಿಗಳು ನುಗ್ಗಿಬಂದ ಈ ಮನೆಯನ್ನು ಸುಟ್ಟುಹಾಕುವುದೋ ಉಳಿಸಿಕೊಳ್ಳುವುದೋ? ಸುಟ್ಟರೆ ಮುಂದಾಳುವಿಗೆ ತನ್ನ ಮನೆ ಉರಿಯುವುದನ್ನು ನೋಡಿದ ಗಾಯ ಉಳಿಯುತ್ತದೆ, ಆದರೆ ಒಬ್ಬ ಗಟ್ಟಿ ಜತೆಗಾತಿ ಸಿಗುತ್ತಾಳೆ. ಉಳಿಸಿಕೊಂಡರೆ ಅವಳು ಹೊರಟುಹೋಗುತ್ತಾಳೆ. ಎರಡನೆಯ ಕಂತು ಊರಿನ ಬೀದಿಗಳಲ್ಲಿ. ಮನೆ ಉಳಿದಿದ್ದರೆ ಅಲ್ಲಿಂದಲೇ ಹೊರಡುತ್ತೀರಿ. ಸುಟ್ಟಿದ್ದರೆ ಊರಿನ ಇನ್ನೊಂದು ಮೂಲೆಯಿಂದ. ಮಧ್ಯರಾತ್ರಿಯೊಳಗೆ ಆರು ಮಂದಿ ಮುಸುಕುಧಾರಿಗಳನ್ನು ಪತ್ತೆಹಚ್ಚಬೇಕು. ಆರೂ ಮಂದಿ ಸಿಗುವುದು ಅಪರೂಪ. ತಪ್ಪಿಸಿಕೊಂಡವರ ಹೆಸರನ್ನು ಕಾಗದದಲ್ಲಿ ಬರೆದುಕೊಳ್ಳಬೇಕು, ಮೂರನೆಯ ಕಂತಿನಲ್ಲಿ ಅವರ ಲೆಕ್ಕ ತೀರಿಸಬೇಕಾಗುತ್ತದೆ. ಇಬ್ಬರನ್ನು ಮಾತ್ರ ಹಿಡಿದ ಆಟಗಾರರು ಸೋತರೇ? ಹೌದೆಂದೂ ಇಲ್ಲವೆಂದೂ ಹೇಳಲಾಗುವುದಿಲ್ಲ. ಅವರ ಕಥೆ ಬೇರೆಯಾಯಿತು, ಅಷ್ಟೆ.

2017ರ ‘ದಿ ಡನ್‌ವಿಚ್ ಲೆಗಸಿ’ ಎಂಬ ದೊಡ್ಡ ಸರಣಿಯಲ್ಲಿ ಇದು ಇನ್ನಷ್ಟು ಹರಡಿಕೊಳ್ಳುತ್ತದೆ. ಇಬ್ಬರು ಅಧ್ಯಾಪಕರು ಅಪಾಯದಲ್ಲಿದ್ದಾರೆ, ಒಬ್ಬರು ವಿಶ್ವವಿದ್ಯಾಲಯದಲ್ಲಿ, ಇನ್ನೊಬ್ಬರು ಜೂಜುಕಟ್ಟೆಯಲ್ಲಿ. ಯಾರ ಕಡೆಗೆ ಮೊದಲು ಹೋಗಬೇಕೆಂದು ಆಟಗಾರರೇ ತೀರ್ಮಾನಿಸಬೇಕು, ಆ ತೀರ್ಮಾನ ಎರಡನೆಯವರ ಗತಿಯನ್ನು ಬದಲಿಸಬಹುದು. ಅದೇ ಸರಣಿಯಲ್ಲಿ ರೈಲಿನ ಕಂತೊಂದಿದೆ. ಬೋಗಿಗಳ ಕಾರ್ಡುಗಳನ್ನು ಮೇಜಿನ ಮೇಲೆ ಉದ್ದಕ್ಕೆ ಸಾಲಾಗಿ ಜೋಡಿಸುತ್ತಾರೆ. ರೈಲಿನ ಹಿಂದೆ ಆಕಾಶದಲ್ಲಿ ಬಿರುಕೊಂದು ತೆರೆದುಕೊಂಡಿದೆ. ಕೇಡು ಕೂಡಿದಾಗಲೆಲ್ಲ ಎಡತುದಿಯ ಬೋಗಿ ಅದರೊಳಗೆ ಹೋಗುತ್ತದೆ, ಆ ಕಾರ್ಡನ್ನು ಮೇಜಿನಿಂದ ತೆಗೆದುಬಿಡುತ್ತಾರೆ. ಅದರಲ್ಲಿದ್ದವನೂ ಹೋದ. ಎಂಜಿನ್ನಿನ ಕಡೆಗೆ ಓಡಬೇಕು, ಆದರೆ ಪ್ರತಿ ಬೋಗಿಯಲ್ಲೂ ಸುಳಿವು ಹುಡುಕದೆ ಮುಂದಿನ ಬಾಗಿಲು ತೆರೆಯದು. ರೈಲಿನ ಒಂದು ಚಿತ್ರವೂ ಚಲಿಸದೆ, ಬರಿ ಕಾರ್ಡು ತೆಗೆಯುವುದರಿಂದಲೇ ಅಷ್ಟು ಗಡಿಬಿಡಿ ಹುಟ್ಟಿಸಬಹುದೆಂದು ನೋಡಿದವರಿಗಷ್ಟೇ ಗೊತ್ತು.

ಮುಂದಿನ ಸರಣಿ ‘ದಿ ಪಾತ್ ಟು ಕಾರ್ಕೋಸ’, ರಾಬರ್ಟ್ ಚೇಂಬರ್ಸ್ 1895ರಲ್ಲಿ ಪ್ರಕಟಿಸಿದ ಕಥೆಗಳನ್ನು ಆಧರಿಸಿದ್ದು. ನಾಟಕ ನೋಡುತ್ತಾ ನಿದ್ದೆಹೋದ ಪತ್ತೇದಾರ ಕಣ್ಣು ಬಿಟ್ಟರೆ ರಂಗಮಂದಿರ ಖಾಲಿ. ಅಲ್ಲಿಂದ ಮುಂದೆ ಕಂಡದ್ದನ್ನು ನಂಬುತ್ತೀರೋ ಅನುಮಾನಿಸುತ್ತೀರೋ ಎಂಬುದನ್ನು ಆಟ ನಿಮ್ಮ ಆಯ್ಕೆಗಳಿಂದಲೇ ಲೆಕ್ಕ ಇಡುತ್ತಾ ಹೋಗುತ್ತದೆ. ಸರಣಿಗಳಲ್ಲಿ ಇದಕ್ಕೇ ಮೊದಲ ಸ್ಥಾನ ಕೊಡುವವರು ಬಹಳ. ಅದು ತಪ್ಪಲ್ಲ.

ಮಿಕ್ಕವುಗಳ ಎದುರು

‘ಮಾರ್ವೆಲ್ ಚಾಂಪಿಯನ್ಸ್’ ಇನ್ನೊಂದು ಬಗೆಯ ಆಟ. ಕೈಯಲ್ಲಿನ ಕಾರ್ಡುಗಳೇ ಅಲ್ಲಿ ದುಡ್ಡು, ಒಂದನ್ನು ಇಳಿಸಲು ಬೇರೆಯವನ್ನು ಎಸೆಯಬೇಕು. ಸ್ಪೈಡರ್‌ಮ್ಯಾನ್ ಹಿಡಿದು ರೈನೋ ಎಂಬ ಖಳನನ್ನು ಬಗ್ಗುಬಡಿದು, ಊಟದ ಹೊತ್ತಿಗೆ ಪೆಟ್ಟಿಗೆ ಮುಚ್ಚಬಹುದು. ಕಲಿಯಲು ಸುಲಭ, ಮಕ್ಕಳೊಂದಿಗೆ ಆಡಲು ಒಳ್ಳೆಯದು. ಒಂದು ಸಂಜೆಯ ಮೋಜು ಬೇಕಾದರೆ ಆರ್ಕಮ್‌ಗಿಂತ ಅದೇ ಮೇಲು ಎಂದು ಧೈರ್ಯವಾಗಿ ಹೇಳಬಹುದು. ಆದರೆ ಒಮ್ಮೆ ಆಡಿದ್ದಕ್ಕೂ ಮತ್ತೊಮ್ಮೆ ಆಡುವುದಕ್ಕೂ ಅದರಲ್ಲಿ ನಂಟು ಕಡಿಮೆ. ರೈನೋ ನಾಳೆಯೂ ಅದೇ ರೈನೋ.

‘ಮ್ಯಾಜಿಕ್: ದಿ ಗ್ಯಾದರಿಂಗ್’ ಜತೆ ಹೋಲಿಸಿದರೆ ವ್ಯತ್ಯಾಸ ಜೇಬಿನಲ್ಲೇ ಗೊತ್ತಾಗುತ್ತದೆ. 1993ರಿಂದ ನಡೆದುಬಂದ ಆ ಆಟದಲ್ಲಿ ಮುಚ್ಚಿದ ಪೊಟ್ಟಣ ಒಡೆದಾಗ ಯಾವ ಕಾರ್ಡು ಸಿಗುತ್ತದೆಂಬುದು ಅದೃಷ್ಟ. ಅಪರೂಪದ ಕಾರ್ಡಿಗೆ ಹೊರಗಡೆ ಬೇರೆಯೇ ಬೆಲೆ. ಆರ್ಕಮ್‌ನ ಪೆಟ್ಟಿಗೆಗಳಲ್ಲಿ ಏನಿದೆಯೆಂಬುದು ನಿಗದಿ, ಎಲ್ಲ ಪೆಟ್ಟಿಗೆಯಲ್ಲೂ ಅದೇ. ದುಡ್ಡು ಸುರಿದವನಿಗೆ ಮೇಲುಗೈ ಎಂಬ ಕಿರಿಕಿರಿ ಇಲ್ಲ, ಎದುರಾಳಿಯೇ ಇಲ್ಲವಲ್ಲ.

ಇನ್ನೊಂದು ಹೋಲಿಕೆ ಹೆಚ್ಚು ಕಣ್ಣು ತೆರೆಸುವಂಥದ್ದು. ಇದೇ ಲವ್‌ಕ್ರಾಫ್ಟ್ ಲೋಕದ ಮೇಲೆ ಇದೇ ಕಂಪನಿ ‘ಕಾಲ್ ಆಫ್ ಕ್ತುಲು’ ಎಂಬ ಕಾರ್ಡ್ ಆಟವನ್ನು ಹಿಂದೆ ಹಲವು ವರ್ಷ ನಡೆಸಿತ್ತು. ಅದು ಇಬ್ಬರ ನಡುವಿನ ಪೈಪೋಟಿ. ಮೇಜಿನ ಮೇಲೆ ಒಂದು ಹೊತ್ತಿಗೆ ಮೂರರಂತೆ ಇರುವ ಕಥೆಯ ಕಾರ್ಡುಗಳಿಗಾಗಿ ಇಬ್ಬರೂ ಜಗ್ಗಾಡಿ, ಮೊದಲು ಮೂರು ಗೆದ್ದವರು ಆಟ ಗೆದ್ದಂತೆ. ಅದರಲ್ಲಿ ಕ್ತುಲು ಎಂಬ ಆ ಮಹಾಭೀಕರ ಜೀವಿಯನ್ನು ಆಟಗಾರ ತನ್ನ ಕೈಯಿಂದಲೇ ದುಡ್ಡು ಕೊಟ್ಟು ಮೇಜಿಗೆ ಇಳಿಸಬಹುದಿತ್ತು. ಸಾಕುನಾಯಿಗೆ ಯಾರು ಹೆದರುತ್ತಾರೆ? ಆಟ ಚೆನ್ನಾಗಿಯೇ ಇತ್ತು, ಭಯ ಮಾತ್ರ ಆವಿಯಾಗಿತ್ತು. ಆರ್ಕಮ್‌ನಲ್ಲಿ ಆ ಜೀವಿಗಳು ಯಾವತ್ತೂ ನಮ್ಮ ಕಟ್ಟಿನಲ್ಲಿರುವುದಿಲ್ಲ. ಅವು ಎದುರಿನ ರಾಶಿಯಲ್ಲಿ ಮುಖ ಕೆಳಗಾಗಿ ಮಲಗಿರುತ್ತವೆ.

ಕುಂದುಗಳಿಲ್ಲವೆಂದಲ್ಲ. ಕಂತಿಗೊಮ್ಮೆ ಬೇಕಾದ ಕಾರ್ಡು ಹುಡುಕಿ ಜೋಡಿಸುವುದಕ್ಕೇ ಹೊತ್ತು ಹಿಡಿಯುತ್ತದೆ. ನಿಯಮಪುಸ್ತಕ ಎರಡು: ಒಂದು ಕಲಿಯಲು, ಇನ್ನೊಂದು ಜಗಳ ಬಿಡಿಸಲು. ಸರಣಿಗಳೆಲ್ಲ ಬೇಕೆಂದು ಕೊಳ್ಳಹೊರಟರೆ ಖರ್ಚು ಏರುತ್ತದೆ, ಆಮದಾಗಿ ಬರುವ ಮಾಲಾದ್ದರಿಂದ ಭಾರತದಲ್ಲಿ ಇನ್ನೂ ಏರುತ್ತದೆ. ಕಾರ್ಡುಗಳೆಲ್ಲ ಇಂಗ್ಲಿಷಿನಲ್ಲಿವೆ, ಓದುವುದೂ ಜಾಸ್ತಿ. ಮೇಜಿನಲ್ಲಿ ಒಬ್ಬರು ನಿಯಮ ಗಟ್ಟಿ ಮಾಡಿಕೊಂಡು ಉಳಿದವರಿಗೆ ಕನ್ನಡದಲ್ಲೇ ಹೇಳಿಕೊಟ್ಟರೆ ಆಟ ಓಡುತ್ತದೆ.

ಶುರುಮಾಡುವವರಿಗೆ

ಕೊಳ್ಳುವಾಗ ಎಚ್ಚರ ಬೇಕಾದದ್ದು ಒಂದು ಕಡೆ. 2016ರ ಹಳೆಯ ಮೂಲ ಪೆಟ್ಟಿಗೆ ಇಬ್ಬರಿಗೆ ಮಾತ್ರ, ಅದರಲ್ಲಿ ಹಲವು ಕಾರ್ಡುಗಳು ಒಂದೊಂದೇ ಪ್ರತಿ ಇದ್ದವು. 2021ರ ಪರಿಷ್ಕೃತ ಪೆಟ್ಟಿಗೆಯಲ್ಲಿ ನಾಲ್ವರು ಆಡಬಹುದು. ಬಳಸಿದ ಪೆಟ್ಟಿಗೆ ಕಡಿಮೆಗೆ ಸಿಕ್ಕಿತೆಂದು ಕೊಳ್ಳುವ ಮೊದಲು ಯಾವುದೆಂದು ಕೇಳಿ ತಿಳಿದುಕೊಳ್ಳಿ. ಹಾಗೆಯೇ 2021ಕ್ಕೆ ಮುಂಚೆ ಪ್ರತಿ ಸರಣಿ ಒಂದು ದೊಡ್ಡ ಪೆಟ್ಟಿಗೆ ಮತ್ತು ಆರು ಸಣ್ಣ ಪೊಟ್ಟಣಗಳಾಗಿ ಬರುತ್ತಿತ್ತು. ಆಮೇಲೆ ಅದನ್ನು ಎರಡೇ ಪೆಟ್ಟಿಗೆ ಮಾಡಿದರು: ಕಥೆಗೊಂದು, ಪತ್ತೇದಾರರಿಗೊಂದು. ಹಳೆಯ ಸರಣಿಯ ಬಿಡಿ ಪೊಟ್ಟಣಗಳನ್ನು ಕೊಂಡು, ನಡುವಿನ ಒಂದು ಸಿಗದೆ ಪೇಚಾಡುವವರಿದ್ದಾರೆ.

ಮೊದಲ ಸಲ ಇಬ್ಬರು ಆಡುವುದಾದರೆ ರೋಲಂಡ್ ಮತ್ತು ಡೇಸಿ ಜೋಡಿ ಒಳ್ಳೆಯದು. ಒಬ್ಬರು ಶತ್ರುವನ್ನು ನೋಡಿಕೊಳ್ಳಲಿ, ಇನ್ನೊಬ್ಬರು ಸುಳಿವನ್ನು. ಓದುವ ಕೋಣೆಯಲ್ಲಿ ಸುಳಿವು ಹುಡುಕುವ ಕಷ್ಟ 2. ಡೇಸಿಯ ಬುದ್ಧಿ 5, ರೋಲಂಡ್‌ನದು 3. ಮೇಲಿನ ಲೆಕ್ಕದ ಪ್ರಕಾರ ಅವಳಿಗೆ 16ರಲ್ಲಿ 14, ಅವನಿಗೆ 10. ಅವನು ಅಲ್ಲಿ ಬೆವರು ಸುರಿಸುವ ಬದಲು ಆಯುಧ ಸಜ್ಜು ಮಾಡಿಕೊಳ್ಳುವುದು ಲೇಸು. ಒಬ್ಬರೇ ಆಡುವವರು ಎರಡು ಪಾತ್ರಗಳನ್ನೂ ತಾವೇ ನಡೆಸುವುದು ಕಲಿಯುವ ಹಂತದಲ್ಲಿ ಸುಲಭ. ಒಂದೇ ಪಾತ್ರದಿಂದ ಗೆಲ್ಲಲು ಎಲ್ಲ ಕೆಲಸಕ್ಕೂ ಒದಗುವ ಕಟ್ಟು ಬೇಕಾಗುತ್ತದೆ.

ಹೊಸಬರು ಎಡವುವ ನಿಯಮಗಳು ಕೆಲವಿವೆ. ಮೊದಲ ಸುತ್ತಿನಲ್ಲಿ ಕೇಡಿನ ಬಿಲ್ಲೆ ಇಡುವ ಹಂತವೇ ಇಲ್ಲ, ನೇರವಾಗಿ ಪತ್ತೇದಾರರ ಸರದಿ. ಶತ್ರು ಮೈಮೇಲೆ ಬಿದ್ದಿರುವಾಗ ಹೊಡೆಯುವುದು, ತಪ್ಪಿಸಿಕೊಳ್ಳುವುದು ಮುಂತಾದ ಕೆಲವನ್ನು ಬಿಟ್ಟು ಬೇರೆ ಕೆಲಸಕ್ಕೆ ಕೈ ಹಾಕಿದರೆ ಅದು ನಡುವೆ ಒಂದು ಏಟು ಹಾಕುತ್ತದೆ. ಗೆಳೆಯನ ಮೇಲೆ ಬಿದ್ದ ಶತ್ರುವಿಗೆ ನೀವು ಗುರಿಯಿಟ್ಟು ತಪ್ಪಿದರೆ ಏಟು ಗೆಳೆಯನಿಗೇ ತಗಲುತ್ತದೆ. ಕಟ್ಟಿನ ಕಾರ್ಡು ಮುಗಿದರೆ ಎಸೆದದ್ದನ್ನು ಕಲೆಸಿ ಮತ್ತೆ ಎತ್ತಬಹುದು, ಜತೆಗೆ ಒಂದು ಭೀತಿ.

ಅಟ್ಟ, ನೆಲಮಾಳಿಗೆಗಳ ಸುಳಿವನ್ನು ಪೂರ್ತಿ ಬಾಚಿದರೆ ಒಂದೊಂದು ಅನುಭವದ ಅಂಕ ಸಿಗುತ್ತದೆ. ಅದರಾಸೆಗೆ ಹೆಚ್ಚು ಹೊತ್ತು ನಿಂತರೆ ಕೇಡು ತುಂಬುತ್ತದೆ. ಆಸೆ ಎಷ್ಟಿರಬೇಕೆಂದು ಮೊದಲೇ ಮಾತಾಡಿಕೊಳ್ಳಿ. ಸೋತಾಗ ‘ಇನ್ನೊಮ್ಮೆ ಮೊದಲಿನಿಂದ’ ಎಂದು ಕಾರ್ಡು ಬಾಚಬೇಡಿ. ಸೋತದ್ದನ್ನೇ ಬರೆದುಕೊಂಡು ಮುಂದಿನ ಕಂತಿಗೆ ಹೋಗಿ, ಈ ಆಟದ ರುಚಿ ಇರುವುದೇ ಅಲ್ಲಿ. ಸುಲಭ, ಸಾಧಾರಣ, ಕಠಿಣ, ಅತಿಕಠಿಣ ಎಂದು ಚೀಲದ ಮಟ್ಟ ನಾಲ್ಕಿವೆ. ಸುಲಭದಿಂದ ಶುರುಮಾಡಿದರೆ ನಾಚಿಕೆಪಡುವಂಥದ್ದೇನಿಲ್ಲ.

ಬೆಂಗಳೂರಿನಂಥ ಊರುಗಳಲ್ಲಿ ಬೋರ್ಡ್ ಗೇಮ್ ಕೆಫೆಗಳಿವೆ, ವಾರಾಂತ್ಯದಲ್ಲಿ ಸೇರಿ ಆಡುವ ಗುಂಪುಗಳೂ ಇವೆ. ದುಡ್ಡು ಹಾಕುವ ಮೊದಲು ಅಂಥ ಕಡೆ ಕೇಳಿ ನೋಡಿ, ಯಾರಾದರೂ ಮೊದಲ ಕಂತನ್ನು ಆಡಿಸಿಯಾರು. ಹಿಡಿಸಿದರೆ ಪರಿಷ್ಕೃತ ಮೂಲ ಪೆಟ್ಟಿಗೆ ಒಂದನ್ನೇ ಕೊಳ್ಳಿ. ಅದರ ಮೂರು ಕಂತುಗಳನ್ನು ಬೇರೆ ಬೇರೆ ಪಾತ್ರಗಳಿಂದ ಎರಡು ಸಲವಾದರೂ ಮುಗಿಸಿ. ಆಮೇಲೂ ಬೇಕೆನಿಸಿದರೆ ಡನ್‌ವಿಚ್ ತೆಗೆದುಕೊಳ್ಳಿ, ಕಾರ್ಕೋಸ ಅದರ ನಂತರ. ಬೇಡವೆನಿಸಿದರೆ ಪೆಟ್ಟಿಗೆಯನ್ನು ಬೇಕಾದವರಿಗೆ ದಾಟಿಸಿಬಿಡಿ. ಒಮ್ಮೆ ಆಡಿ ಹರಿದೆಸೆಯುವ ಕಾರ್ಡು ಅದರಲ್ಲಿ ಒಂದೂ ಇಲ್ಲ.